ಹಾಗಂದ್ರೆ ಪಕ್ಷ

ಪತ್ರಿಕೆಗಳು ಆ ಪಕ್ಷಕ್ಕೆ ಇಟ್ಟ ಹೆಸರು ‘ಹಾಗಂದ್ರೆ ಪಕ್ಷ’. ಅದರ ಅಸಲು ಹೆಸರು ಕಟ್ಟಡ ಕಾರ್ಮಿಕರ ಪಕ್ಷ. ಕಚೇರಿಯ ಫಲಕ ಮತ್ತು ಮತಪತ್ರ ಬಿಟ್ಟರೆ ಆ ಹೆಸರು ಬೇರೆಲ್ಲೂ ಚಾಲ್ತಿಗೆ ಬರಲಿಲ್ಲ. ಅಡ್ಡಹೆಸರು ಅಂಟಿಕೊಳ್ಳಲು ಕಾರಣ ಪಕ್ಷದ ಒಂದು ನಿಯಮ. ಸಭೆಯಲ್ಲಿ ಯಾರೇ ಆಗಲಿ, ಅರ್ಥವಾಗದ ಮಾತಿಗೆ ತಲೆಯಾಡಿಸುವಂತಿಲ್ಲ. ಅರ್ಥವಾಗದಿದ್ದರೆ ಕೈ ಎತ್ತಿ ‘ಹಾಗಂದ್ರೆ?’ ಎನ್ನಬೇಕು. ಉತ್ತರ ಎಲ್ಲರಿಗೂ ಕೇಳುವಂತೆ, ಮನೆಮಾತಿನಲ್ಲಿ ಸಿಗಬೇಕು. ಸಿಗುವ ತನಕ ಸಭೆ ಮುಂದೆ ಹೋಗುವುದಿಲ್ಲ.

ನಿಯಮ ಮಾಡಿದವನು ಪಕ್ಷ ಕಟ್ಟಿದ ಮೇಸ್ತ್ರಿ. ಅವನು ಹಿಂದೆ ಒಂದು ದೊಡ್ಡ ಕಂಪನಿಗೆ ಗಾರೆ ಕೆಲಸ ಮಾಡಿಸಿಕೊಡುತ್ತಿದ್ದ. ಗೋಡೆಗೆ ಕಟ್ಟಿದ್ದ ಸಾರುವೆ ಕುಸಿದು ಇಬ್ಬರು ಸತ್ತಾಗ ಕಂಪನಿಯವರು ಅವನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಇಂಗ್ಲಿಷಿನಲ್ಲಿ ಮಾತಾಡಿದರು. ‘ಲಯಬಿಲಿಟಿ’ ಎಂಬ ಪದ ಮತ್ತೆ ಮತ್ತೆ ಬಂತು. ದಡ್ಡ ಅನ್ನಿಸಿಕೊಳ್ಳಬಾರದೆಂದು ಅವನು ಪ್ರತಿ ಸಲವೂ ತಲೆಯಾಡಿಸಿದ. ಸಾವಿನ ಹೊಣೆಯನ್ನು ತಾನು ಒಪ್ಪಿಕೊಂಡಿದ್ದೇನೆಂದು ತಿಳಿದದ್ದು ಜೈಲು ಸೇರಿದ ಮೇಲೆ. ಹೊರಬಂದವನು ಮೊದಲು ಮಾಡಿದ ಕೆಲಸ, ಒಬ್ಬಳೇ ಮಗಳನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದ್ದು. ಪಕ್ಷ ಕಟ್ಟಿದ್ದು ಆಮೇಲೆ.

ಶಾಲೆ ಊರಿನ ಇನ್ನೊಂದು ತುದಿಯಲ್ಲಿತ್ತು. ದಿನವೂ ಅವಳನ್ನು ಬಿಟ್ಟು ಬರುತ್ತಿದ್ದವನು ಸೋದರಮಾವ, ಅವಳ ತಾಯಿಯ ತಮ್ಮ. ಅವನು ಕ್ರೇನ್ ಓಡಿಸುತ್ತಿದ್ದ. ಬೆಳಗ್ಗೆ ಕೆಲಸದ ಜಾಗಕ್ಕೆ ಹೋಗುವ ದಾರಿಯಲ್ಲಿ ಅವಳನ್ನು ಕ್ರೇನಿನಲ್ಲೇ ಪಕ್ಕಕ್ಕೆ ಕೂರಿಸಿಕೊಳ್ಳುತ್ತಿದ್ದ. ಹಿಂದೆ ಸಾಲುಗಟ್ಟಿದ ವಾಹನಗಳೆಲ್ಲ ಹಾರ್ನ್ ಹೊಡೆಯುತ್ತಿದ್ದವು. ‘ಅವಳ ಬಸ್ಸಿಗೆ ಸೊಂಡಿಲಿದೆ’ ಎಂದು ಉಳಿದ ಮಕ್ಕಳು ಆಡಿಕೊಂಡು ನಗುತ್ತಿದ್ದರು. ಮಾವ ಅವಳಿಗಿಟ್ಟ ಹೆಸರು ‘ಇಂಗ್ಲಿಷಮ್ಮ’. ಅವಳು ಓದಿ, ನ್ಯಾಯಾಲಯದಲ್ಲಿ ದುಭಾಷಿಯಾಗಿ, ತಲೆಯಲ್ಲಿ ಒಂದೆರಡು ಬಿಳಿಗೂದಲು ಕಂಡ ಮೇಲೂ ಅವನ ಬಾಯಲ್ಲಿ ಅದೇ ಹೆಸರು.

ನ್ಯಾಯಾಲಯದ ದುಭಾಷಿಯ ಕೆಲಸಕ್ಕೆ ಒಂದು ಶಿಸ್ತಿದೆ. ಆರೋಪಿ ‘ನಾನೇ ಹೊಡೆದೆ’ ಎಂದರೆ ದುಭಾಷಿಯೂ ಇಂಗ್ಲಿಷಿನಲ್ಲಿ ‘ನಾನೇ ಹೊಡೆದೆ’ ಎನ್ನಬೇಕು. ‘ಇವನು ಹೊಡೆದನಂತೆ’ ಎನ್ನುವಂತಿಲ್ಲ. ಒಂದು ಮಾತು ಸೇರಿಸುವಂತಿಲ್ಲ, ಒಂದು ಮಾತು ಬಿಡುವಂತಿಲ್ಲ. ಕೇಳದೆ ಅರ್ಥ ಬಿಡಿಸಿ ಹೇಳುವಂತಿಲ್ಲ. ಕೋಣೆಯಲ್ಲಿ ಕೇಳಿದ್ದನ್ನು ಹೊರಗೆ ಆಡುವಂತಿಲ್ಲ. ಮಗಳು ದಿನಕ್ಕೊಬ್ಬ ಕಳ್ಳನಾಗಿ, ಹೆಂಡತಿಯನ್ನು ಬಡಿದವನಾಗಿ, ಸುಳ್ಳುಸಾಕ್ಷಿಯಾಗಿ ಮಾತಾಡಿ ಸಂಜೆ ಮನೆಗೆ ಬಂದು ಮುಖ ತೊಳೆಯುತ್ತಿದ್ದಳು. ಕೆಲಸ ಚೊಕ್ಕವಾಗಿದೆ ಎಂದು ನ್ಯಾಯಾಧೀಶರೂ ಮೆಚ್ಚಿದ್ದರು.

ಆ ವರ್ಷದ ಚುನಾವಣೆಯಲ್ಲಿ ಹಾಗಂದ್ರೆ ಪಕ್ಷದಿಂದ ಮೂವರು ಗೆದ್ದರು. ಒಬ್ಬ ಮೇಸ್ತ್ರಿ. ಇನ್ನೊಬ್ಬ ಅವನ ಬಾಮೈದ, ಅಂದರೆ ಮಗಳ ಸೋದರಮಾವ. ಮೂರನೆಯವಳು ಆಸ್ಪತ್ರೆಯ ತುರ್ತುವಿಭಾಗದ ನರ್ಸ್. ಸಾರುವೆಯಿಂದ ಬಿದ್ದವರಿಗೆಲ್ಲ ಪಟ್ಟಿ ಕಟ್ಟಿ, ಬೈದು, ಬೈಗುಳದ ಜೊತೆಗೇ ಮತವನ್ನೂ ಸಂಪಾದಿಸಿದ್ದವಳು. ಮೂವರೂ ಮತ ಕೇಳಿದ್ದು ಒಂದೇ ಮಾತಿನ ಮೇಲೆ. ಕಟ್ಟಡ ಮುಗಿಯುತ್ತಲೇ ಅದನ್ನು ಕಟ್ಟಿದವರ ತಗಡಿನ ಶೆಡ್ಡುಗಳನ್ನು ಕೆಡವುವುದು ವಾಡಿಕೆ. ಬೇರೆ ಸೂರು ಕೊಡದೆ ಯಾವ ಶೆಡ್ಡನ್ನೂ ಮುಟ್ಟಬಾರದು ಎಂಬ ಕಾನೂನು ತರುತ್ತೇವೆ ಎಂದು ಅವರು ಹೇಳಿದ್ದರು. ಶೆಡ್ಡುಗಳಲ್ಲಿ ಅದನ್ನು ‘ಶೆಡ್ ಕಾನೂನು’ ಎಂದೇ ಕರೆಯುತ್ತಿದ್ದರು, ಆಗಲೇ ಬಂದಿದೆ ಎಂಬಂತೆ.

ದೊಡ್ಡ ಪಕ್ಷಕ್ಕೆ ಸರ್ಕಾರ ರಚಿಸಲು ಇಬ್ಬರು ಕಡಿಮೆ ಬಿದ್ದರು. ಫಲಿತಾಂಶ ಬಂದ ಮಾರನೆಯ ದಿನವೇ ಅವರ ಕಡೆಯಿಂದ ಒಂದು ಪುಟದ ಪ್ರಸ್ತಾವ ಬಂತು. ಯಾವ ರೀತಿಯ ಸಹಕಾರಕ್ಕೆ ನೀವು ಸಿದ್ಧ ಎಂದು ಕೇಳಿ, ಇರುವ ದಾರಿಗಳನ್ನೆಲ್ಲ ಇಂಗ್ಲಿಷಿನಲ್ಲಿ ಹೆಸರಿಸಿದ್ದರು.

ಸಭೆ ಸೇರಿದ್ದು ಪಕ್ಷದ ಕಚೇರಿಯಲ್ಲಿ. ಕಚೇರಿ ಎಂದರೆ ಸಿಮೆಂಟ್ ಅಂಗಡಿಯ ಮೇಲಿನ ಒಂದು ಕೋಣೆ. ಕೆಳಗೆ ಮೂಟೆ ಇಳಿಸಿದಾಗಲೆಲ್ಲ ಮೇಲೆ ಕುರ್ಚಿಗಳು ಅದುರುತ್ತಿದ್ದವು. ಇದ್ದವರು ಗೆದ್ದ ಮೂವರು ಮತ್ತು ಓದಿ ಹೇಳಲು ಬಂದ ಮಗಳು. ಅವಳು ಒಂದೊಂದೇ ಪದ ಓದಿದಳು. ಒಂದೊಂದಕ್ಕೂ ಮೇಸ್ತ್ರಿ ಶಾಲೆಯ ಹುಡುಗನ ಹಾಗೆ ಕೈ ಎತ್ತಿದ.

ಅಲಯನ್ಸ್ ಎಂದರೆ ಚುನಾವಣೆಗೆ ಮೊದಲೇ ಕೈ ಹಿಡಿಯುವುದು, ಅದರ ಕಾಲ ಮುಗಿಯಿತು ಎಂದಳು. ಸೀಟ್ ಅಡ್ಜಸ್ಟ್‌ಮೆಂಟೂ ಅಷ್ಟೇ, ನಿನ್ನ ಬೀದಿಗೆ ನಾನು ಬರಲ್ಲ, ನನ್ನ ಬೀದಿಗೆ ನೀನು ಬರಬೇಡ ಎಂಬ ಒಪ್ಪಂದ. ಔಟ್‌ಸೈಡ್ ಸಪೋರ್ಟ್ ಎಂದರೆ ಅವರು ಒಳಗೆ ಊಟಕ್ಕೆ ಕೂರುವುದು, ನಾವು ಹೊರಗೆ ನಿಂತು ಚಪ್ಪರದ ಕಂಬ ಹಿಡಿದುಕೊಂಡಿರುವುದು. ಬೇಜಾರಾದ ದಿನ ಕೈ ಬಿಡಬಹುದು. ಕಾನ್ಫಿಡೆನ್ಸ್ ಆಂಡ್ ಸಪ್ಲೈ ಎಂದರೆ ಸರ್ಕಾರ ಉಳಿಯುವುದಕ್ಕೂ ಅದರ ಖರ್ಚಿಗೂ ಮಾತ್ರ ಕೈ ಎತ್ತುವುದು, ಮಿಕ್ಕಿದ್ದಕ್ಕೆಲ್ಲ ನಮ್ಮ ದಾರಿ ನಮಗೆ. ಕೊಯಲಿಷನ್ ಎಂದರೆ ನಾವೂ ಒಳಗೇ ಕೂರುವುದು. ಒಂದೇ ಸಾಲು, ಎಲೆ ಬೇರೆ ಬೇರೆ. ಕಾಮನ್ ಮಿನಿಮಮ್ ಪ್ರೋಗ್ರಾಂ ಎಂದರೆ ಇಬ್ಬರಿಗೂ ಅಜೀರ್ಣ ಆಗದಷ್ಟೇ ಬಡಿಸಿಕೊಳ್ಳುವುದು.

ಮಾವ ಹೊಟ್ಟೆ ಸವರಿಕೊಂಡ. ಇವಳು ರಾಜಕೀಯ ಹೇಳ್ತಿದಾಳೋ ಅಡುಗೆ ಹೇಳ್ತಿದಾಳೋ ಎಂದ. ಮೇಸ್ತ್ರಿ ನಗಲಿಲ್ಲ. ಕೊಯಲಿಷನ್ ಅವನಿಗೆ ಹಿಡಿಸಿತ್ತು. ಶೆಡ್ ಕಾನೂನನ್ನು ಮಿನಿಮಮ್‌ನಲ್ಲಿ ಬರೆಸಿದರೆ ಕೆಲಸ ಆಯಿತು ಎಂದು ಅವನ ಲೆಕ್ಕ. ಉಳಿದಿಬ್ಬರೂ ಒಪ್ಪಿದರು.

ಕಡೆಯ ಸಾಲಿನಲ್ಲಿ ‘ಮರ್ಜರ್’ ಎಂದಿತ್ತು. ಮಗಳು ಪದವನ್ನು ಓದಿ, ಇದು ನಮಗೆ ಬೇಡದ್ದು ಎಂದು ಕಾಗದ ಮಡಿಸಿದಳು.

ಮೇಸ್ತ್ರಿಯ ಕೈ ಮೇಲೆ ಹೋಯಿತು. “ಹಾಗಂದ್ರೆ?”

“ಬಿಡಿ ಅಪ್ಪ. ನಾವೇನು ಅದಕ್ಕೆ ಒಪ್ಪಲ್ವಲ್ಲ.”

“ಬೇಡ ಅನ್ನೋದಕ್ಕೂ ಅರ್ಥ ಗೊತ್ತಿರಬೇಕಮ್ಮ. ನಿಯಮ ಅಂದ್ರೆ ನಿಯಮ.”

ಅವಳು ಕಾಗದ ಬಿಡಿಸಿದಳು. ನಮ್ಮ ಪಕ್ಷ ಅವರ ಪಕ್ಷದೊಳಗೆ ಸಕ್ಕರೆಯ ಹಾಗೆ ಕರಗಿಹೋಗುತ್ತದೆ, ಆಮೇಲೆ ಹುಡುಕಿದರೂ ಸಿಗುವುದಿಲ್ಲ ಎಂದಳು. ಗೆದ್ದವನು ಒಬ್ಬನೇ ಪಕ್ಷ ಬಿಟ್ಟರೆ ಕಾನೂನು ಅವನ ಸ್ಥಾನ ಕಿತ್ತುಕೊಳ್ಳುತ್ತದೆ. ಗೆದ್ದವರಲ್ಲಿ ಮೂರನೇ ಎರಡು ಭಾಗ ಒಟ್ಟಿಗೆ ಹೋದರೆ ಮಾತ್ರ ಅದು ಬಿಟ್ಟು ಹೋದ ಲೆಕ್ಕವಲ್ಲ, ಮರ್ಜರ್. ಹೋದವರ ಸ್ಥಾನ ಹೋಗುವುದಿಲ್ಲ.

ಕೆಳಗೆ ಒಂದು ಮೂಟೆ ಬಿತ್ತು. ಕುರ್ಚಿಗಳು ಅದುರಿದವು.

“ನಾವಿರೋದು ಮೂರು ಜನ,” ಎಂದಳು ನರ್ಸ್, ರಕ್ತದೊತ್ತಡ ಓದುವ ದನಿಯಲ್ಲಿ. “ಅಂದ್ರೆ ಇಬ್ಬರು ಸಾಕು.”

ಮಗಳು ಹೌದೆಂದಳು. ದೊಡ್ಡ ಪಕ್ಷಕ್ಕೆ ಬೇಕಾಗಿರುವುದೂ ಇಬ್ಬರೇ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಮೇಸ್ತ್ರಿ ಬಾಮೈದನನ್ನು ನೋಡಿದ. ನರ್ಸ್ ಮೇಸ್ತ್ರಿಯನ್ನು ನೋಡಿದಳು. ಮಾವ ಮಾತ್ರ ಕುರ್ಚಿಯನ್ನು ಹಿಂದಕ್ಕೆ ವಾಲಿಸಿಕೊಂಡು, “ಹಾಗಾದ್ರೆ ಇವತ್ತಿಂದ ಪಾಯಖಾನೆಗೂ ಮೂವರೂ ಒಟ್ಟಿಗೆ ಹೋಗೋದು ಒಳ್ಳೇದು, ಭಾವ,” ಎಂದು ತಾನೇ ನಕ್ಕ.

ಕೊಯಲಿಷನ್ ಎಂದು ಕಳಿಸಿದ ಉತ್ತರಕ್ಕೆ ದೊಡ್ಡ ಪಕ್ಷ ನೋಡೋಣ ಎಂದಿತು. ತಮಾಷೆಗೆ ಆಡಿದ ಮಾತು ವಾರ ಕಳೆಯುವುದರೊಳಗೆ ಹೆಚ್ಚುಕಡಿಮೆ ನಿಜವಾಯಿತು. ಪ್ರಮಾಣವಚನಕ್ಕೆ ಮೂವರೂ ಒಂದೇ ಆಟೋದಲ್ಲಿ ಹೋದರು. ಚಹಾ ಕುಡಿಯಲು ಒಬ್ಬ ಎದ್ದರೆ ಇನ್ನಿಬ್ಬರೂ ಎದ್ದರು; ಉಳಿದಿಬ್ಬರು ಒಟ್ಟಿಗೆ ಕೂತಿರುವುದು ಎದ್ದವನಿಗೆ ಸಹನೆಯಾಗುತ್ತಿರಲಿಲ್ಲ. ನರ್ಸ್ ಫೋನ್ ಹಿಡಿದು ಮೆಟ್ಟಿಲ ಕಡೆ ನಡೆದರೆ ಮೇಸ್ತ್ರಿಗೆ ಕೆಮ್ಮು ಬಂದು ಅವನೂ ಮೆಟ್ಟಿಲ ಕಡೆ ನಡೆಯುತ್ತಿದ್ದ. ವರದಿಗಾರರು ಇವರ ಒಗ್ಗಟ್ಟನ್ನು ಹೊಗಳಿ ಬರೆದರು. ಮಾವನಿಗೆ ಇದೊಂದು ಆಟ. ಆಗಾಗ ಬೇಕೆಂದೇ ನರ್ಸಿನ ಕಿವಿಯ ಹತ್ತಿರ ಬಾಗಿ, ಇವತ್ತು ಬಿಸಿಲು ಜಾಸ್ತಿ ಎಂದು ಗುಟ್ಟಿನಲ್ಲಿ ಹೇಳಿ, ಭಾವನ ಮುಖ ನೋಡುತ್ತಿದ್ದ.

ಆ ಆಟ ಆಡಬಾರದಿತ್ತು. ಮೇಸ್ತ್ರಿ ಜೈಲಿನಲ್ಲಿ ಕಲಿತು ಬಂದ ಒಂದು ಗುಣವಿತ್ತು. ನಂಬಿಕೆ ಒಮ್ಮೆ ಬಿರುಕು ಬಿಟ್ಟರೆ ತೇಪೆ ಹಾಕುತ್ತಿರಲಿಲ್ಲ, ಗೋಡೆಯನ್ನೇ ಕೆಡವುತ್ತಿದ್ದ. ಒಂದು ಸಂಜೆ ಬಾಮೈದ ಆಸ್ಪತ್ರೆಯ ಗೇಟಿನಿಂದ ನರ್ಸಿನ ಜೊತೆ ಹೊರಬರುವುದು ಮೇಸ್ತ್ರಿಯ ಕಣ್ಣಿಗೆ ಬಿತ್ತು. ಏನು ಕೆಲಸ ಎಂದದ್ದಕ್ಕೆ ಅವನು ಮಂಡಿನೋವು ಎಂದ. ಮಂಡಿನೋವು ಅವನಿಗೆ ಮೊದಲಿನಿಂದಲೂ ಇತ್ತು; ಕ್ರೇನ್ ಓಡಿಸುವವರಲ್ಲಿ ಬಹುತೇಕರಿಗೆ ಇರುತ್ತದೆ. ಮೇಸ್ತ್ರಿ ಮನೆಗೆ ಬಂದು ಊಟ ಮಾಡಲಿಲ್ಲ.

ಎರಡು ದಿನ ಬಿಟ್ಟು ಮಗಳಿಗೆ ಹೇಳಿದ. ಮಧ್ಯಾಹ್ನ ರಜೆ ಹಾಕು, ಒಂದು ಕಡೆ ಮಾತುಕತೆ ಇದೆ, ನಾನೂ ಸಿಸ್ಟರೂ ಹೋಗ್ತೀವಿ.

“ಮಾವ?”

“ಅವನು ನನಗೆ ಮಾಡೋಕೆ ಮುಂಚೆ ನಾನು ಅವನಿಗೆ ಮಾಡ್ತಿದೀನಿ. ಅಷ್ಟೇ.”

ಅವಳು ವಾದಿಸಿದಳು. ಮಾವ ಅಂಥವನಲ್ಲ ಎಂದಳು. ಅಂಥವನು ಅಂತ ಹಣೆ ಮೇಲೆ ಬರ್ಕೊಂಡು ಯಾರೂ ಹುಟ್ಟಲ್ಲ ಎಂದ ಮೇಸ್ತ್ರಿ. ನಿನಗೆ ಆಗಲ್ಲ ಅಂದ್ರೆ ಅವರೇ ಒಬ್ಬ ದುಭಾಷಿಯನ್ನ ತರ್ತಾರೆ, ಅವನು ಅವರ ಮನುಷ್ಯ, ಮತ್ತೆ ನಾನು ಕುರುಡನ ಹಾಗೆ ತಲೆಯಾಡಿಸಬೇಕಾಗತ್ತೆ, ಅದೂ ನಿನಗೆ ಸರಿ ಅನ್ನಿಸಿದ್ರೆ ಮನೇಲಿರು ಎಂದ. ಅವಳು ರಜೆ ಹಾಕಿದಳು.

ಹೊರಡುವ ಹೊತ್ತಿಗೆ ಸರಿಯಾಗಿ ಮಾವನ ಫೋನ್ ಬಂತು. ಭಾವ ಫೋನ್ ಎತ್ತುತ್ತಿಲ್ಲ, ಎಲ್ಲಿದ್ದಾನೆ ಎಂದು ಕೇಳಿದ. ಮಗಳ ಮುಂದೆ ಅಪ್ಪ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ.

“ಹಲ್ಲುನೋವಂತೆ ಮಾವ. ಡಾಕ್ಟರ ಹತ್ರ ಹೊರಟಿದಾರೆ.”

“ಅಯ್ಯೋ, ಅಲ್ಲೀತನಕ ಒಂದು ಲವಂಗ ಕಚ್ಕೊಂಡಿರೋಕೆ ಹೇಳೇ ಇಂಗ್ಲಿಷಮ್ಮ. ಆ ಡಾಕ್ಟರುಗಳು ಕೀಳೋದನ್ನೇ ಕಾಯ್ತಿರ್ತಾರೆ.”

ಅವಳು ಹೇಳಿದ್ದು ಪೂರ್ತಿ ಸುಳ್ಳಲ್ಲ. ಮಾತುಕತೆಗೆ ಗೊತ್ತು ಮಾಡಿದ್ದ ಜಾಗ ಹಲ್ಲಿನ ಆಸ್ಪತ್ರೆಯೇ. ದೊಡ್ಡ ಪಕ್ಷದ ಸಂಧಾನಕಾರನ ಹೆಂಡತಿ ದಂತವೈದ್ಯೆ. ಮಧ್ಯಾಹ್ನ ಅವಳ ಕ್ಲಿನಿಕ್ ಮುಚ್ಚಿರುತ್ತಿತ್ತು. ದವಡೆ ಹಿಡಿದುಕೊಂಡು ಒಳಗೆ ಹೋಗುವವರನ್ನು ಯಾವ ವರದಿಗಾರನೂ ಹಿಂಬಾಲಿಸುವುದಿಲ್ಲ. ಮೇಸ್ತ್ರಿ ನಿಜವಾಗಿಯೂ ದವಡೆ ಹಿಡಿದುಕೊಂಡೇ ಮೆಟ್ಟಿಲು ಹತ್ತಿದ.

ಒಳಗೆ ಕೂರಲು ಇದ್ದದ್ದು ಎರಡೇ. ವೈದ್ಯೆಯ ಗಾಲಿ ಸ್ಟೂಲಿನ ಮೇಲೆ ನರ್ಸ್ ಆಗಲೇ ಕೂತಿದ್ದಳು. ಮೇಸ್ತ್ರಿಗೆ ಉಳಿದದ್ದು ರೋಗಿಯ ಕುರ್ಚಿ. ಹತ್ತಿ ಕೂತವನು ಹಿಂದಕ್ಕೆ ಒರಗಿಹೋದ. ಪಾದಗಳು ಎದೆಯ ಮಟ್ಟಕ್ಕೆ ಬಂದವು, ಮುಖ ಚಾವಣಿಯ ಕಡೆ ತಿರುಗಿತು. ಅದನ್ನು ನೆಟ್ಟಗೆ ಮಾಡುವ ಗುಂಡಿ ಯಾವುದೆಂದು ಸಂಧಾನಕಾರನಿಗೆ ತಿಳಿದಿರಲಿಲ್ಲ. ಅವನು ಕೈತೊಳೆಯುವ ಬೇಸಿನ್ನಿಗೆ ಒರಗಿ ನಿಂತ. ಮಗಳು ಉಗುಳುವ ಬಟ್ಟಲಿನ ಪಕ್ಕ ನಿಂತಳು.

ಮೇಸ್ತ್ರಿ ಚಾವಣಿಗೆ ಹೇಳಿದ. ನಾನು, ಸಿಸ್ಟರು ಇಬ್ಬರೂ ಬರ್ತೀವಿ. ನನ್ನ ಬಾಮೈದ ಬೇಡ.

ಮಗಳು ಬಾಯಿ ತೆರೆದಳು. ‘ನಾನು’ ಎಂದು ಇಂಗ್ಲಿಷಿನಲ್ಲಿ ಶುರು ಮಾಡಿ, ನನ್ನ ಹೆಂಡತಿಯ ತಮ್ಮ ನನಗೆ ಬೇಡ ಎಂದು ಮುಗಿಸಿದಳು. ದನಿ ನಡುಗಲಿಲ್ಲ. ಅಭ್ಯಾಸ.

ಸಂಧಾನಕಾರ ಸಭ್ಯ ಮನುಷ್ಯ. ಮೂವರೂ ಬಂದರೆ ನಮ್ಮ ಆಕ್ಷೇಪವಿಲ್ಲ ಎಂದ. ಆದರೆ ಕೊಡಲು ನಮ್ಮ ಹತ್ತಿರ ಎರಡೇ ಕುರ್ಚಿಗಳಿವೆ, ಹಾಗಾಗಿ ಇಬ್ಬರು ಬಂದರೆ ಚೊಕ್ಕ ಎಂದ. ಶೆಡ್ ಕಾನೂನನ್ನು ಸಹಾನುಭೂತಿಯಿಂದ ಪರಿಶೀಲಿಸುತ್ತೇವೆ ಎಂದೂ ಸೇರಿಸಿದ. ಆಮೇಲೆ, ಮೂರನೆಯವರು ತಕರಾರು ಎತ್ತುವುದಿಲ್ಲ ತಾನೇ ಎಂದು ಕೇಳಿದ.

ಉತ್ತರ ಬಂದದ್ದು ಗಾಲಿ ಸ್ಟೂಲಿನಿಂದ. ನರ್ಸ್ ಮನೆಮಾತಿನಲ್ಲೇ, ಮೇಸ್ತ್ರಿಯ ಕಡೆ ತಿರುಗಿ ಹೇಳಿದಳು. “ಅವರು ಎತ್ತಲ್ಲ. ನಾನು ಮೊದಲು ಅವರನ್ನೇ ಕೇಳಿದ್ದು. ನಿಮ್ಮನ್ನ ಬಿಟ್ಟು ನಾವಿಬ್ಬರು ಹೋಗೋಣ ಅಂದೆ, ಆವತ್ತು ಮಂಡಿ ತೋರಿಸೋಕೆ ಬಂದಾಗ. ಆಗಲ್ಲ ಅಂದ್ರು. ಭಾವನನ್ನ ಬಿಟ್ಟು ಸ್ವರ್ಗಕ್ಕೆ ಕರೆದ್ರೂ ಬರಲ್ಲ ಅಂದ್ರು. ಅದಕ್ಕೇ ನಿಮ್ಮ ಹತ್ರ ಬಂದೆ.”

ಏನು ಹೇಳಿದರು ಎಂದು ಸಂಧಾನಕಾರ ಕೇಳಿದ. ಮಗಳು ಅದನ್ನೂ ಚಾಚೂ ತಪ್ಪದೆ ಇಂಗ್ಲಿಷಿಗೆ ತಂದಳು, ಸ್ವರ್ಗವನ್ನೂ ಸೇರಿಸಿ. ಸಂಧಾನಕಾರ ಹುಬ್ಬೇರಿಸಿ ಮೇಸ್ತ್ರಿಯ ಪಾದಗಳನ್ನು ನೋಡಿದ.

ಮಗಳು ಅಪ್ಪನ ಮುಖ ನೋಡಿದಳು. ಎದ್ದು ಬರುತ್ತಾನೆ ಎಂದುಕೊಂಡಳು. ಎಂಥವನಾದರೂ ಎದ್ದು ಬರಬೇಕಾದ ಗಳಿಗೆ ಅದು. ಮೇಸ್ತ್ರಿ ಚಾವಣಿಯಿಂದ ಕಣ್ಣು ಕೀಳಲಿಲ್ಲ.

“ಇವಳು ಕೇಳಿದ್ದನ್ನ ಅವನು ನನಗೆ ಹೇಳಲಿಲ್ಲ,” ಎಂದ. “ಹೇಳಲಿಲ್ಲ ಅಂದ್ರೆ ಇನ್ನೂ ಯೋಚನೆ ಮಾಡ್ತಿದಾನೆ ಅಂತ ಅರ್ಥ.”

“ಅಪ್ಪ,” ಎಂದಳು ಮಗಳು.

“ನೀನು ದುಭಾಷಿ. ಹೇಳಿದ್ದನ್ನ ಹೇಳು.”

ಹೇಳಿದಳು. ‘ಅಪ್ಪ’ ಎಂಬ ತನ್ನ ಮಾತನ್ನೊಂದು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದಳು.

ಸಂಧಾನಕಾರ ಸಮಾಧಾನದ ಉಸಿರು ಬಿಟ್ಟು ಸಹಿಯ ಕಾಗದಗಳನ್ನು ತೆಗೆದ. ಕೊನೆಯದಾಗಿ ಒಂದು ಔಪಚಾರಿಕ ಮಾತಿದೆ ಎಂದ. ಮರ್ಜರ್ ಆದ ಕ್ಷಣದಿಂದ ನೀವು ನಮ್ಮ ಸದಸ್ಯರು, ನಮ್ಮ ವಿಪ್ ನಿಮಗೂ ಅನ್ವಯ, ಇದು ಸ್ಪಷ್ಟ ತಾನೇ ಎಂದು ಕೇಳಿದ. ಮಗಳು ತಿಳಿಸಿದಳು. ವಿಪ್ ಎಂಬ ಪದಕ್ಕೆ ಮನೆಮಾತಿನಲ್ಲಿ ಪದವಿಲ್ಲ. ಅದನ್ನು ಹಾಗೆಯೇ ಇಟ್ಟಳು. ಅವರ ವಿಪ್ ನಿಮಗೂ ಅನ್ವಯ.

ಅರ್ಥ ಅವಳಿಗೆ ಗೊತ್ತಿತ್ತು. ಸದನದಲ್ಲಿ ಮತ ಹಾಕುವಾಗ ಪಕ್ಷ ಕೊಡುವ ಅಪ್ಪಣೆ ಅದು. ಮೀರಿದವನ ಸ್ಥಾನ ಹೋಗುತ್ತದೆ. ಅಂದರೆ ಶೆಡ್ ಕಾನೂನಿಗೆ ಕೈ ಎತ್ತಬೇಡ ಎಂದು ಅವರು ಹೇಳಿದ ದಿನ ಕೈ ಎತ್ತುವಂತಿಲ್ಲ. ಕೊಯಲಿಷನ್‌ನಲ್ಲಿ ಇರದ ಹಗ್ಗ ಇದು. ಪದವನ್ನು ಬಿಡಿಸಿ ಹೇಳಿದರೆ ಅಪ್ಪ ಈ ಕುರ್ಚಿಯಿಂದ ಇಳಿಯುತ್ತಾನೆ ಎಂಬುದೂ ಅವಳಿಗೆ ಗೊತ್ತಿತ್ತು. ಬಾಮೈದನನ್ನು ಬಿಟ್ಟಾನು, ಶೆಡ್ ಕಾನೂನನ್ನು ಬಿಡುವವನಲ್ಲ.

ಅವಳು ಅಪ್ಪನ ಬಲಗೈ ನೋಡುತ್ತ ನಿಂತಳು. ಅದು ಮೇಲೇಳಲಿ ಎಂದು ಕಾದಳು. ಕೈ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದಿತ್ತು. ಈಗ ನರ್ಸಿನ ಮುಂದೆ, ಸಂಧಾನಕಾರನ ಮುಂದೆ, ಇಷ್ಟೆಲ್ಲ ಕೇಳಿಸಿಕೊಂಡ ಮೇಲೆ, ಅವನಿಗೆ ಬೇಕಾಗಿದ್ದದ್ದು ಬೇಗ ಮುಗಿಸಿ ನೆಟ್ಟಗೆ ಕೂರುವುದು. ಮೇಸ್ತ್ರಿ ತಲೆಯಾಡಿಸಿದ.

ಕೇಳದೆ ಅರ್ಥ ಹೇಳುವಂತಿಲ್ಲ. ಅದು ಕೆಲಸದ ಶಿಸ್ತು. ಆದರೆ ಅವಳು ಆ ಗಳಿಗೆಯಲ್ಲಿ ಸುಮ್ಮನಿದ್ದದ್ದು ಶಿಸ್ತಿನಿಂದಲ್ಲ. ಮಾವನನ್ನು ಮಾರಿದವನಿಗೆ ಇಷ್ಟಾದರೂ ಆಗಲಿ ಎಂದು ಸುಮ್ಮನಿದ್ದಳು. ಅದರಲ್ಲಿ ಅವಳಿಗೆ ಒಂದು ತಣ್ಣನೆಯ ಸುಖವೂ ಸಿಕ್ಕಿತು. ಇಳಿಯುವಾಗ ಮೆಟ್ಟಿಲ ಬಳಿ ಸಂಧಾನಕಾರ ಅವಳನ್ನು ಹೊಗಳಿದ. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆ ಇಲ್ಲ ಎಂದ.

ಮಾವನಿಗೆ ಸುದ್ದಿ ತಿಳಿದದ್ದು ಒಬ್ಬ ವರದಿಗಾರನಿಂದ. ಗೆದ್ದ ಮೇಲೂ ಅವನು ಕ್ರೇನ್ ಬಿಟ್ಟಿರಲಿಲ್ಲ. ವರದಿಗಾರ ಕೆಳಗೆ ನಿಂತು, ನಿಮ್ಮ ಪಕ್ಷದಲ್ಲಿ ಈಗ ನೀವೊಬ್ಬರೇ, ಏನನ್ನಿಸುತ್ತದೆ ಎಂದು ಕೂಗಿ ಕೇಳಿದನಂತೆ. ಮಾವ ಎತ್ತಿದ್ದ ತೊಲೆಯನ್ನು ಮೊದಲು ನಿಧಾನವಾಗಿ ಜಾಗಕ್ಕೆ ಇಳಿಸಿ, ಕೊಕ್ಕೆ ಬಿಡಿಸಿದ ಮೇಲೆ ಕೆಳಗೆ ಬಂದನಂತೆ.

ಮನೆಯಲ್ಲಿ ತಾಯಿ ಗಂಡನನ್ನು ಏನೂ ಕೇಳಲಿಲ್ಲ. ಮಗಳನ್ನು ಕೇಳಿದಳು, ಬಟ್ಟೆ ಮಡಿಸುತ್ತ.

“ನೀನು ಅಲ್ಲೇ ಇದ್ದೆಯಂತೆ.”

“ಹೇಳಿದ್ದು ಅಪ್ಪ, ಅಮ್ಮ. ನಾನು ಬರೀ ಇಂಗ್ಲಿಷಿನಲ್ಲಿ...”

“ದನಿ ಯಾರದ್ದು?”

ತಾಯಿ ಮಡಿಸಿದ ಬಟ್ಟೆಗಳನ್ನು ಮೂರು ಗುಡ್ಡೆ ಮಾಡಿ, ಗಂಡನದನ್ನು ಹೊರಗಿನ ಕೋಣೆಯಲ್ಲಿ ಇಟ್ಟು ಬಂದಳು. ಆವತ್ತಿನಿಂದ ಅವನ ಹಾಸಿಗೆಯೂ ಅಲ್ಲೇ ಬಿತ್ತು.

ಎರಡು ಕುರ್ಚಿಗಳಲ್ಲಿ ಒಂದು ನರ್ಸಿಗೆ ಸಿಕ್ಕಿತು. ಆರೋಗ್ಯ ಇಲಾಖೆಯ ಉಪಸಚಿವೆಯಾದಳು. ಮೇಸ್ತ್ರಿಗೆ ಸಿಕ್ಕಿದ್ದು ಹಳೆಯ ಕಟ್ಟಡಗಳ ಸಂರಕ್ಷಣಾ ಸಮಿತಿಯ ಉಪಾಧ್ಯಕ್ಷ ಸ್ಥಾನ. ಸಮಿತಿಗೆ ಅಧ್ಯಕ್ಷನಿರಲಿಲ್ಲ, ಹಾಗಾಗಿ ಸಭೆ ಕರೆಯುವವರೂ ಇರಲಿಲ್ಲ. ಮೇಸ್ತ್ರಿ ದಿನವೂ ಒಗೆದ ಅಂಗಿ ತೊಟ್ಟು ಹೋಗಿ, ಖಾಲಿ ಮೇಜಿನ ಮುಂದೆ ಕೂತು, ಸಂಜೆಗೆ ಬರುತ್ತಿದ್ದ. ಶೆಡ್ ಕಾನೂನು ಬರಲಿ, ಆಮೇಲೆ ಮಾತಾಡಿ ಎಂದು ದಾರಿಯಲ್ಲಿ ಕೆಣಕಿದವರಿಗೆ ಹೇಳುತ್ತಿದ್ದ.

ಕಾನೂನಿನ ಮಸೂದೆ ತಂದವನು ಮಾವ. ಒಬ್ಬನೇ ಉಳಿದ ಸದಸ್ಯನಿಗೂ ಮಸೂದೆ ಮಂಡಿಸುವ ಹಕ್ಕಿತ್ತು. ವಿರೋಧ ಪಕ್ಷದವರು, ಸರ್ಕಾರಕ್ಕೆ ಮುಜುಗರವಾಗಲಿ ಎಂಬ ಒಂದೇ ಕಾರಣಕ್ಕೆ, ಅವನ ಬೆನ್ನಿಗೆ ನಿಂತರು. ಸರ್ಕಾರ ಅದನ್ನು ಮುಂದಿನ ವರ್ಷಕ್ಕೆ ಮುಂದೂಡುವ ಸೂಚನೆ ತಂದು ಮತಕ್ಕೆ ಹಾಕಿತು. ಎರಡೂ ಕಡೆಯ ತಲೆ ಎಣಿಸಿದರೆ ಸರ್ಕಾರಕ್ಕೆ ಇದ್ದದ್ದು ಒಂದೇ ಮತದ ಅಂತರ. ಮೇಸ್ತ್ರಿ ಬಾಮೈದನ ಕಡೆ ನಿಂತರೆ ಶೆಡ್ ಕಾನೂನು ಬದುಕುತ್ತಿತ್ತು.

ಹಿಂದಿನ ದಿನ ಅವನ ಖಾಲಿ ಮೇಜಿನ ಮೇಲೆ ಒಂದು ಕಾಗದ ಬಂತು. ಅದೇ ವಿಪ್: ಮೂರು ಅಡ್ಡಗೆರೆ ಎಳೆದ, ಎರಡು ಸಾಲಿನ ಇಂಗ್ಲಿಷ್. ಅವನಿಗೆ ಈಗ ಪಕ್ಷದ ಸಭೆಗಳಿರಲಿಲ್ಲ, ಎತ್ತಲು ಕೈ ಇತ್ತೇ ಹೊರತು ಅರ್ಥ ಹೇಳಲು ಯಾರೂ ಇರಲಿಲ್ಲ. ಮಗಳನ್ನು ಕೇಳುವ ಮುಖವಿರಲಿಲ್ಲ. ಉಪಸಚಿವೆಯ ಬಾಗಿಲಿಗೆ ಹೋದ. ನರ್ಸ್ ನಿಂತುಕೊಂಡೇ ಅರ್ಥ ಹೇಳಿದಳು. ಅವರು ಹೇಳಿದ ಕಡೆ ನಿಲ್ಲದಿದ್ದರೆ ಸೀಟು ಹೋಗತ್ತೆ, ಮೇಸ್ತ್ರಿ, ಬಿ.ಪಿ. ಮಾತ್ರೆ ತಗೊಳ್ತಿದೀರಾ ಎಂದಳು.

ಮಾರನೆಯ ದಿನ ಮತ ಹಾಕಲು ಸದಸ್ಯರು ಎದ್ದು, ಸರ್ಕಾರದ ಪರ ಇದ್ದವರು ಒಂದು ಬಾಗಿಲಿಗೆ, ವಿರೋಧ ಇದ್ದವರು ಇನ್ನೊಂದಕ್ಕೆ ನಡೆದರು. ಮೇಸ್ತ್ರಿ ಕೊನೆಯವನಾಗಿ ಎದ್ದ. ಸೀಟು ಹೋದರೆ ತಾನು ಮತ್ತೆ ಗಾರೆ ಕಲಸಬೇಕು. ಗಾರೆ ಕಲಸುವವರಲ್ಲಿ ಯಾರೂ ಈಗ ತನ್ನನ್ನು ಹತ್ತಿರ ಸೇರಿಸುವುದಿಲ್ಲ. ಅವನು ಸರ್ಕಾರದ ಬಾಗಿಲಿನಿಂದ ಹೊರಗೆ ಹೋದ. ಸೂಚನೆ ಒಂದು ಮತದಿಂದ ಗೆದ್ದಿತು.

ಆ ವಾರವೇ ಕೆಡವುವ ಯಂತ್ರಗಳು ಹೊರಟವು. ಮುಂದೂಡಿದ್ದು ಕಾನೂನನ್ನೇ ಹೊರತು ಕೆಡವುವುದನ್ನಲ್ಲ. ಮಗಳು ನ್ಯಾಯಾಲಯ ಮುಗಿಸಿ, ಸೂರ್ಯ ಇಳಿಯುವ ಮೊದಲು ನದಿಯ ಪಕ್ಕದ ಶೆಡ್ಡುಗಳ ಕಡೆ ಹೋದಳು. ಮಾವ ಅಲ್ಲಿದ್ದ. ಯಂತ್ರ ಬಂದು ತಗಡುಗಳನ್ನು ನುಜ್ಜುಗುಜ್ಜು ಮಾಡುವ ಮುಂಚೆ ಬಿಚ್ಚಿಟ್ಟುಕೊಂಡರೆ ಬೇರೆ ಕಡೆ ಬಳಸಬಹುದು ಎಂದು ಜನ ತಮ್ಮ ಮನೆಗಳನ್ನು ತಾವೇ ಬಿಚ್ಚುತ್ತಿದ್ದರು. ಮಾವ ಏಣಿಯ ಮೇಲೆ ನಿಂತು ಬೋಲ್ಟು ಸಡಿಲಿಸುತ್ತಿದ್ದ. ಕೆಳಗೆ ಒಬ್ಬ ಮುದುಕಿ ಪಾತ್ರೆಗಳನ್ನು ಚಾಪೆಯಲ್ಲಿ ಸುತ್ತುತ್ತಿದ್ದಳು.

ಮಗಳು ಏಣಿಯ ಬುಡದಲ್ಲಿ ನಿಂತಳು. ಕ್ಲಿನಿಕ್ಕಿನಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ವೃತ್ತಿಯ ಶಿಸ್ತನ್ನು ಅವಳು ಮುರಿದದ್ದು ಅದೇ ಮೊದಲು. ಮಾವನಿಗೆ ನರ್ಸಿನಿಂದ ಬಹುಪಾಲು ತಿಳಿದಿತ್ತು. ಅವನು ಕೆಲಸ ನಿಲ್ಲಿಸಲಿಲ್ಲ. ಹಲ್ಲುನೋವಿನ ಮಾತು ಸುಳ್ಳೆಂದು ಅವಳು ಒಪ್ಪಿಕೊಂಡಾಗಲೂ ಅವನು ತಿರುಗಲಿಲ್ಲ. ಅದು ಹೋಗ್ಲಿ ಬಿಡೇ, ನಿಮ್ಮಪ್ಪನ ಮುಂದೆ ಇನ್ನೇನು ಹೇಳ್ತಿದ್ದೆ ಎಂದ. ಅವಳಿಗೆ ಧೈರ್ಯ ಬಂತು. ಅವನಿಗಾಗಿ ಉಳಿಸಿಟ್ಟುಕೊಂಡಿದ್ದ ಮಾತನ್ನು ಕೊನೆಗೆ ಹೊರತೆಗೆದಳು.

“ಅಪ್ಪನಿಗೆ ವಿಪ್ ಅಂದ್ರೆ ಏನು ಅಂತ ಗೊತ್ತಿರಲಿಲ್ಲ ಮಾವ. ಕೇಳಲಿಲ್ಲ, ತಲೆಯಾಡಿಸಿಬಿಟ್ರು. ನಾನೂ ಹೇಳಲಿಲ್ಲ. ಬೇಕಂತಲೇ ಹೇಳಲಿಲ್ಲ. ನಿಮಗೆ ಹಾಗೆ ಮಾಡಿದ್ದಕ್ಕೆ.”

ಸ್ಪ್ಯಾನರ್ ನಿಂತಿತು.

“ಹೇಳಿದ್ದಿದ್ರೆ?”

“ಎದ್ದು ಬಂದಿರ್ತಿದ್ರು.”

“ಖಂಡಿತ?”

“ಶೆಡ್ ಕಾನೂನು ಅಂದ್ರೆ ಅಪ್ಪನಿಗೆ ಜೀವ. ನಿಮಗೂ ಗೊತ್ತಲ್ಲ.”

ಮಾವ ಏಣಿಯ ಮೇಲಿಂದ ಶೆಡ್ಡುಗಳ ಸಾಲನ್ನು ನೋಡಿದ. ಅರ್ಧ ಬಿಚ್ಚಿದವು, ಪೂರ್ತಿ ಬಿಚ್ಚಿದವು, ತಗಡು ಹೋಗಿ ಬರೀ ಕಂಬ ಉಳಿದವು.

“ಭಾವ ಮಾರಿದ್ದು ನನ್ನೊಬ್ಬನ್ನ,” ಎಂದ. “ಅದು ನಮ್ಮ ಮನೆ ವಿಷಯ. ಹೊಟ್ಟೆಗೆ ಹಾಕ್ಕೊಂಡು ಸುಮ್ಮನಿದ್ದೆ. ಇವರನ್ನೆಲ್ಲ ನನ್ನ ಹೆಸರಲ್ಲಿ ಮಾರೋಕೆ ನಿನಗೆ ಹೇಳಿದ್ದು ಯಾರು?”

ಮುದುಕಿ ಚಾಪೆಯ ಗಂಟು ಬಿಗಿಯುವುದನ್ನು ನಿಲ್ಲಿಸಿ, ಈ ಹೆಂಗಸು ಯಾರು ಎಂದು ಮಾವನನ್ನು ಕೇಳಿದಳು.

ಯಾರೋ ಕೋರ್ಟಿನವರು ಎಂದ ಮಾವ. ಕೊನೆಯ ಬೋಲ್ಟು ಕಳಚಿಕೊಂಡಿತು. ಅವನು ತಗಡಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಕೆಳಗೆ ನೋಡದೆ ಹೇಳಿದ.

“ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ ಮೇಡಂ. ತಗಡು ಬೀಳತ್ತೆ.”